ಕಂಪ್ರೆಸರ್ ಟ್ಯಾಂಕಿಗೆ ನೀರು ಬರೋದು ಎಲ್ಲಿಂದ? ರೈಸ್ ಮಿಲ್, ಗ್ಯಾರೇಜಿನವರು ತಿಳಿಯಬೇಕಾದ್ದು

ರೈಸ್ ಮಿಲ್‌ನ ಕಲರ್ ಸಾರ್ಟರ್‌ನಲ್ಲಿ ಕಪ್ಪು ಕಾಳು ಹಾಗೇ ಉಳಿದರೆ, ಒಳ್ಳೆ ಅಕ್ಕಿ ರಿಜೆಕ್ಷನ್‌ಗೆ ಹೋದರೆ ಮೊದಲು ಕ್ಯಾಮೆರಾ ಮೇಲೆ ಅನುಮಾನ ಪಡ್ತಾರೆ. ಆದರೆ ಕೆಲವೊಮ್ಮೆ ತೊಂದರೆ ಇರೋದು ಕಂಪ್ರೆಸರ್‌ನಿಂದ ಬರುವ ಗಾಳಿಯಲ್ಲಿ.

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಮಿಲ್‌ಗಳಲ್ಲಿ ಬಳಸುವ ಈ ಯಂತ್ರ, ಕೆಟ್ಟ ಕಾಳು ಕಂಡ ಕ್ಷಣ ಸಣ್ಣ ವಾಲ್ವ್ ತೆರೆದು ಗಾಳಿ ಹೊಡೆದು ಅದನ್ನು ಹೊರಗೆ ತಳ್ಳುತ್ತದೆ. ವಾಲ್ವಿಗೆ ನೀರು, ತುಕ್ಕು, ಎಣ್ಣೆ ಸೇರಿದರೆ ಅದು ಅಂಟಿಕೊಂಡು ತಡವಾಗಿ ತೆರೆಯುತ್ತದೆ. ಅಷ್ಟರಲ್ಲಿ ಕಾಳು ದಾಟಿ ಹೋಗಿರುತ್ತದೆ.

ನೀರು ಹೇಗೆ ಬರುತ್ತೆ?

ನೀರು ಎಲ್ಲಿಂದಲೋ ಸೋರಿ ಬರಲ್ಲ, ಗಾಳಿಯಲ್ಲೇ ಆವಿಯಾಗಿ ಇರುತ್ತದೆ. 30 ಡಿಗ್ರಿ ಬಿಸಿಲಿನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ ಸುಮಾರು 30 ಗ್ರಾಂ ನೀರು. ಶೇ. 70 ತೇವಾಂಶ ಇದ್ದರೆ 21 ಗ್ರಾಂ ಇರುತ್ತದೆ. 7 ಬಾರ್, ಅಂದರೆ ಸುಮಾರು 100 ಪಿಎಸ್‌ಐ ಒತ್ತಡಕ್ಕೆ 8 ಘನ ಮೀಟರ್ ಗಾಳಿ ಒತ್ತಿ ಒಂದು ಘನ ಮೀಟರ್ ಆಗುತ್ತದೆ. ಅದರಲ್ಲಿ 168 ಗ್ರಾಂ ನೀರು ಸೇರಿರುತ್ತದೆ. ಮತ್ತೆ 30 ಡಿಗ್ರಿಗೆ ತಣ್ಣಗಾದಾಗ 30 ಗ್ರಾಂ ಮಾತ್ರ ಆವಿಯಾಗಿ ಉಳಿದು, ಮಿಕ್ಕ 138 ಗ್ರಾಂ ನೀರಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಫಿಲ್ಟರ್ ಒಂದೇ ಸಾಕಾ?

ಸಾಲಲ್ಲ. ಫಿಲ್ಟರ್ ಹಿಡಿಯೋದು ಹನಿಯನ್ನು, ಆವಿಯನ್ನಲ್ಲ. ಮುಂದೆ ಪೈಪಿನಲ್ಲಿ ಗಾಳಿ ತಣ್ಣಗಾದರೆ ಮತ್ತೆ ನೀರಾಗುತ್ತದೆ. ಅದಕ್ಕೇ ಏರ್ ಡ್ರೈಯರ್ ಬೇಕು. ಫ್ರಿಜ್ ಮಾದರಿಯ ಡ್ರೈಯರ್ ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣ್ಣಗೆ ಮಾಡಿ ನೀರು ಬಸಿಯುತ್ತದೆ. ನಮ್ಮ ಕಡೆ ಪೈಪು ಅಷ್ಟು ತಣ್ಣಗಾಗಲ್ಲ, ಹಾಗಾಗಿ ಮುಂದೆ ನೀರು ಕಟ್ಟಲ್ಲ. ಮೈನಸ್ 40 ಡಿಗ್ರಿಯ ದುಬಾರಿ ಡ್ರೈಯರ್ ಬೇಕೇ ಬೇಕು ಅಂತ ಯಾರಾದರೂ ಹೇಳಿದರೆ, ಯಂತ್ರದ ಕೈಪಿಡಿಯಲ್ಲಿ ಏನು ಕೇಳಿದ್ದಾರೆ ಅಂತ ಮೊದಲು ನೋಡಿ.

ದಿನಾ ಮಾಡಬೇಕಾದ್ದು

ಟ್ಯಾಂಕಿನ ಕೆಳಗಿನ ಡ್ರೈನ್ ವಾಲ್ವ್ ದಿನಾ ನಿಧಾನವಾಗಿ ತೆರೆದು ನೀರು ಬಿಡಿ. ಆಟೋ ಡ್ರೈನ್ ಇದ್ದರೆ ಅದು ಕಟ್ಟಿಕೊಂಡಿಲ್ಲವೇ ನೋಡಿ. ಯಂತ್ರಕ್ಕೆ ಹೋಗುವ ಪೈಪನ್ನು ಮುಖ್ಯ ಲೈನಿನ ಮೇಲ್ಭಾಗದಿಂದ ತೆಗೆಯಿರಿ.

ಪಂಕ್ಚರ್ ಅಂಗಡಿ, ಪೇಂಟಿಂಗ್ ಗ್ಯಾರೇಜಿಗೂ ಇದೇ ಮಾತು. ನಿಂತ ನೀರು ಟ್ಯಾಂಕನ್ನು ಒಳಗಿನಿಂದ ತುಕ್ಕು ಹಿಡಿಸಿ ತೆಳುವಾಗಿಸುತ್ತದೆ, ಹೊರಗೆ ಕಾಣಲ್ಲ. ಅಂಥ ಟ್ಯಾಂಕ್ ಒತ್ತಡದಲ್ಲಿ ಸಿಡಿದರೆ ಪಕ್ಕದಲ್ಲಿದ್ದವರ ಜೀವಕ್ಕೇ ಅಪಾಯ. ತುಕ್ಕು ತಿಂದು ತೂತಾದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿ ಓಡಿಸಬೇಡಿ, ಬದಲಾಯಿಸಿ.