ಗುಣದಲ ಬೆಟ್ಟದಲ್ಲಿ ಅವಳು ಕೇಳದೆ ಬಂದದ್ದು

ಸಿಂಹಾಚಲಂ ಎಂದರೆ ನಮ್ಮ ಸಂಘದ ಸದಸ್ಯರಿಗೆ ನೆನಪಾಗುವುದು ವರಾಹ ನರಸಿಂಹ ಸ್ವಾಮಿ ಮತ್ತು 1516ರಲ್ಲಿ ಇಲ್ಲಿಗೆ ಬಂದುಹೋದ ಕೃಷ್ಣದೇವರಾಯ. ಆ ಬೆಟ್ಟದ ಬುಡದಲ್ಲೇ ಬಾಡಿಗೆ ಮನೆ ಮಾಡಿರುವ ನಾನು ಇಂದು ಬರೆಯುತ್ತಿರುವುದು ಮಾತ್ರ ಇಲ್ಲಿಂದ ಸುಮಾರು 350 ಕಿ.ಮೀ. ದೂರದ ವಿಜಯವಾಡದ ಇನ್ನೊಂದು ಬೆಟ್ಟದ ಬಗ್ಗೆ.

ಆರು ವರ್ಷದ ಹಿಂದೆ ನನ್ನ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಇನ್ನೂ ಪೂರ್ತಿ ಸ್ವಾಧೀನಕ್ಕೆ ಬಂದಿಲ್ಲ. ಊರಿನಿಂದ ಫೋನ್ ಮಾಡಿದ ಹಿರಿಯರೊಬ್ಬರು, ಯಾವ ಪಾಪದ ಫಲವೋ ಏನೋ ಎಂದರು. ಸಂಜೆ ಕಾಲೇಜಿನಲ್ಲಿ ಬಿಕಾಂ ಮಾಡಿ, ಜೀವಮಾನವಿಡೀ ಡೆಬಿಟ್ ಕ್ರೆಡಿಟ್ ತಾಳೆ ನೋಡಿದವನು ನಾನು. ಅವಳ ಖಾತೆಯಲ್ಲಿ ಅಂಥ ಸಾಲ ಯಾವುದೂ ನನಗೆ ಕಾಣಲಿಲ್ಲ. ದೇವರ ಮೇಲೆ ಸಿಟ್ಟು ಬಂತು. ಒಂದೂವರೆ ವರ್ಷ ನಾನು ಇಗರ್ಜಿಯ ಮೆಟ್ಟಿಲು ಹತ್ತಲಿಲ್ಲ. ಅವಳು ಮಾತ್ರ ಆಟೋ ಮಾಡಿಕೊಂಡು ಹೋಗುತ್ತಿದ್ದಳು.

ಕಡೆಗೆ ಅವಳ ಒತ್ತಾಯಕ್ಕೆ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ಗುಣದಲ ಮಾತೆಯ ಹಬ್ಬಕ್ಕೆ ಹೋದೆವು. 1924ರಲ್ಲಿ ಆರ್ಲಾಟಿ ಎಂಬ ಧರ್ಮಗುರುಗಳು ಅಲ್ಲಿ ಲೂರ್ದ್ ಮಾತೆಯ ಪ್ರತಿಮೆ ಇರಿಸಿದರು. ಪ್ರತಿವರ್ಷ ಫೆಬ್ರವರಿ 9ರಿಂದ 11ರವರೆಗೆ ಜಾತಿಮತ ನೋಡದೆ ಜನ ಸೇರುತ್ತಾರೆ. ತೆಂಗಿನಕಾಯಿ ಒಪ್ಪಿಸುವವರು, ಮುಡಿ ಕೊಡುವವರು! ಮಂಗಳೂರು ಕಡೆಯ ಕ್ರೈಸ್ತನಾದ ನನಗೆ ಮೊದಲು ಇರುಸುಮುರುಸಾದದ್ದು ನಿಜ.

ಲೂರ್ದ್‌ನ ಕಥೆ ಹಲವರಿಗೆ ತಿಳಿದಿದೆ. 1858ರ ಫೆಬ್ರವರಿ 11ರಂದು ಫ್ರಾನ್ಸಿನ ಬಡ ಗಿರಣಿಯವನ ಮಗಳು ಬೆರ್ನದೆತ್‌ಗೆ ಮಾತೆಯ ದರ್ಶನವಾಯಿತು. ಆಗ ಅವಳಿಗೆ 14 ವರ್ಷ. ಅಲ್ಲಿಯ ಒರತೆಯ ನೀರಿನಿಂದ ವಾಸಿಯಾಯಿತೆಂದು ಸಾವಿರಾರು ಮಂದಿ ಹೇಳಿಕೊಂಡರೂ ಧರ್ಮಸಭೆ ವೈದ್ಯರಿಂದ ಪರೀಕ್ಷೆ ಮಾಡಿಸಿ ಪವಾಡವೆಂದು ಒಪ್ಪಿದ್ದು ಎಪ್ಪತ್ತರ ಆಸುಪಾಸು ಮಾತ್ರ. ಆ ಬೆರ್ನದೆತ್ ಸ್ವತಃ ಉಬ್ಬಸದ ರೋಗಿ. ಕೊನೆಗೆ ಮೂಳೆ ಕ್ಷಯದಿಂದ ನರಳಿ 1879ರಲ್ಲಿ ತೀರಿಕೊಂಡಾಗ ಅವಳಿಗೆ ಬರೇ 35. ಇದು ನನಗೆ ಗೊತ್ತಿರಲಿಲ್ಲ. ರೈಲಿನಲ್ಲಿ ಹೆಂಡತಿಯೇ ಹೇಳಿದಳು.

ಎರಡನೇ ಜಾನ್ ಪಾಲ್ ಜಗದ್ಗುರುಗಳು 1981ರಲ್ಲಿ ಗುಂಡೇಟು ತಿಂದು ಬದುಕಿದವರು. 1986ರಲ್ಲಿ ಮಂಗಳೂರಿಗೆ ಬಂದಾಗ ಹೈಸ್ಕೂಲು ಹುಡುಗನಾಗಿದ್ದ ನಾನು ಜನಜಂಗುಳಿಯಲ್ಲಿ ದೂರದಿಂದ ಅವರನ್ನು ನೋಡಿದ್ದೆ. ನೋವಿನ ಕ್ರೈಸ್ತ ಅರ್ಥವನ್ನು ಕುರಿತು ಅವರು 'ಸಾಲ್ವಿಫಿಚಿ ದೊಲೋರಿಸ್' ಎಂಬ ಪತ್ರ ಬರೆದದ್ದು 1984ರ ಫೆಬ್ರವರಿ 11ರ ತಾರೀಕಿನಲ್ಲಿ. ಆ ದಿನವನ್ನೇ 1993ರಿಂದ ವಿಶ್ವ ರೋಗಿಗಳ ದಿನವಾಗಿ ಆಚರಿಸಲಾಗುತ್ತಿದೆ. ನೋವೆಲ್ಲ ಪಾಪದ ಶಿಕ್ಷೆಯಲ್ಲ ಎಂದು ಯೋಬನ ಕಥೆ ಹಿಡಿದು ಅವರು ಹೇಳುತ್ತಾರೆ. ಹುಟ್ಟುಕುರುಡನ ಬಗ್ಗೆ ಶಿಷ್ಯರು ಪಾಪ ಯಾರದ್ದೆಂದು ಕೇಳಿದಾಗ ಯೇಸು ಕೊಟ್ಟ ಉತ್ತರವೂ ಅದೇ: ಅವನದ್ದೂ ಅಲ್ಲ, ಹೆತ್ತವರದ್ದೂ ಅಲ್ಲ. ಊರಿನ ಹಿರಿಯರಿಗೆ ಅಂದು ಈ ಮಾತು ಹೇಳಬೇಕಿತ್ತು, ಹೊಳೆಯಲಿಲ್ಲ. ಪತ್ರದ ಕೊನೆಯಲ್ಲಿ ಬರುವುದು ಒಳ್ಳೆಯ ಸಮಾರ್ಯದವನ ಸಾಮತಿ. ಒಬ್ಬನ ನೋವು ಇನ್ನೊಬ್ಬನಲ್ಲಿ ಪ್ರೀತಿಯನ್ನು ಎಬ್ಬಿಸುತ್ತದೆ ಎಂಬುದು ಅದರ ತಾತ್ಪರ್ಯ.

ಇದನ್ನು ಒಪ್ಪಲು ನನಗೆ ಪತ್ರಕ್ಕಿಂತ ಪಕ್ಕದ ಮನೆಯ ತೆಲುಗು ಅಮ್ಮನವರೇ ಹೆಚ್ಚು ನೆರವಾದರು ಎನ್ನಬೇಕು. ನಾನು ಬ್ಯಾಂಕಿಗೆ ಹೋದ ಮೇಲೆ ಇವಳ ತಲೆ ಬಾಚಿ ಜಡೆ ಹಾಕುವವರು ಅವರೇ. ಅಕ್ಷಯ ತದಿಗೆಯ ಚಂದನೋತ್ಸವ ಮುಗಿದ ಮೇಲೆ ಸ್ವಾಮಿಯ ಗಂಧ ತಂದು ಆ ಎಡಗೈಗೆ ಹಚ್ಚುತ್ತಾರೆ. ಇವಳು ಬೇಡವೆನ್ನುವುದಿಲ್ಲ.

ಗುಣದಲದಲ್ಲಿ ಏನು ಬೇಡಿಕೊಂಡೆ ಎಂದು ಕೇಳಿದೆ. ಕೈಯ ವಿಷಯ ಎತ್ತಲೇ ಇಲ್ಲವಂತೆ. ಆ ಅಮ್ಮನವರ ಮೊಮ್ಮಗನಿಗೆ ಆಗ ಡೆಂಗೆ ಜ್ವರ, ಅವನಿಗಾಗಿ ಬೇಡಿಕೊಂಡಳಂತೆ. ನನಗೆ ಸ್ವಲ್ಪ ಕೋಪವೇ ಬಂತು. ಅಷ್ಟು ದೂರ ಬಂದು!

ಮುಂದಿನ ಫೆಬ್ರವರಿಗೆ ಮೂರು ಟಿಕೆಟ್ ರಿಸರ್ವ್ ಮಾಡಿಸಿ ಎಂದು ಈಗಲೇ ಹೇಳಿಟ್ಟಿದ್ದಾಳೆ. ಪಕ್ಕದ ಮನೆಯವರೂ ಬರುತ್ತಾರಂತೆ.