ಹಳೆಯ ಮೋಟಾರಿನ ಗಲಗಲ ಸದ್ದು

ಕಾರಣವಿಲ್ಲದೆ ಕಾರ್ಯವಿಲ್ಲವೆಂಬುದು ವಿಜ್ಞಾನದ ಮೊದಲ ಪಾಠ. ಹಳೆಯ ಕಾರಿನಲ್ಲಿ ಕುಳಿತವರು ಚಾಲಕನ ಮುಂದಿನ ಡ್ಯಾಶ್‌ಬೋರ್ಡಿನೊಳಗಿಂದ ಹೊರಡುವ ಗಲಗಲ, ಕಿರ್‌ಕಿರ್ ಸದ್ದುಗಳನ್ನು ಕೇಳಿಯೇ ಇರುತ್ತಾರೆ. ‘ಗಾಡಿಗೆ ವಯಸ್ಸಾಯಿತು’ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ವಯಸ್ಸು ಸದ್ದು ಮಾಡುವುದಿಲ್ಲ. ಸಡಿಲಾದ ಯಾವುದೋ ಒಂದು ವಸ್ತು ಸದ್ದು ಮಾಡುತ್ತದೆ. ಅದನ್ನು ಹುಡುಕಿ ಸರಿಪಡಿಸುವ ಬಗೆಯನ್ನು ನಾವಿಲ್ಲಿ ವಿಚಾರಿಸೋಣ.

ನಾವು ಮುಂಬಯಿಯವರಿಗೆ ಹಳೆಯ ಕಾರೆಂದೊಡನೆ ನೆನಪಾಗುವುದು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ಮಾದರಿಯನ್ನನುಸರಿಸಿ ಇಲ್ಲಿಯ ಕುರ್ಲಾದ ಕಾರಖಾನೆಯಲ್ಲಿ ತಯಾರಾದ ಈ ಗಾಡಿಯು ‘ಪದ್ಮಿನಿ’ ಎಂಬ ಹೆಸರನ್ನು ಪಡೆದದ್ದು 1970ರ ದಶಕದಲ್ಲಿ. ಕರಿ-ಹಳದಿ ಟ್ಯಾಕ್ಸಿಯಾಗಿ ಬಹುಕಾಲ ನಗರದ ಜನರನ್ನು ಹೊತ್ತು, 2023ರ ಅಕ್ಟೋಬರಿನಲ್ಲಿ ಅದು ಆ ಸೇವೆಯಿಂದ ನಿವೃತ್ತವಾಯಿತು. ಅಕ್ಕರೆಯಿಂದ ಉಳಿಸಿಕೊಂಡ ಖಾಸಗಿ ಗಾಡಿಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಪದ್ಮಿನಿಯ ಎಂಜಿನ್ನಿಗೆ ನಾಲ್ಕು ಸಿಲಿಂಡರುಗಳು. ಎಂಜಿನ್ನು ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಿಲಿಂಡರುಗಳಲ್ಲಿ ಪೆಟ್ರೋಲು ಉರಿಯುತ್ತದೆ. ನಿಂತಲ್ಲಿ ಅದು ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿರಿ. ಆಗ ಸೆಕೆಂಡಿಗೆ 15 ಸುತ್ತು, 30 ತಟ್ಟುಗಳು. ವೇಗ ಇಮ್ಮಡಿಯಾದರೆ ತಟ್ಟುಗಳು 60. ಈ ತಟ್ಟುಗಳು ಗಾಡಿಯ ಮೈಯೆಲ್ಲವನ್ನೂ ಕಂಪಿಸುತ್ತವೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ಮೆಲ್ಲನೆ ತಳ್ಳಿದರೂ ಅದು ಎತ್ತರಕ್ಕೆ ಏರುತ್ತದೆಯಷ್ಟೆ. ಹಾಗೆಯೇ ಪ್ರತಿಯೊಂದು ತಗಡಿಗೂ ಮುಚ್ಚಳಕ್ಕೂ ತನ್ನದೇ ಆದ ಕಂಪನದ ಲಯವುಂಟು. ಎಂಜಿನ್ನಿನ ತಟ್ಟು ಆ ಲಯಕ್ಕೆ ಕೂಡಿಬಂದಾಗ ಕಂಪನ ಹಿಗ್ಗುತ್ತದೆ. ಇದಕ್ಕೆ ಅನುರಣನವೆಂದು ಹೆಸರು. ಒಂದು ವೇಗದಲ್ಲಿ ಕೇಳಿಬರುವ ಸದ್ದು ಮತ್ತೊಂದು ವೇಗದಲ್ಲಿ ಮಾಯವಾಗುವುದರ ಗುಟ್ಟು ಇದೇ.

ಸದ್ದಿನಲ್ಲಿ ಎರಡು ಜಾತಿ. ಸಡಿಲಾದ ವಸ್ತು ಪಕ್ಕದ ವಸ್ತುವಿಗೆ ಬಡಿದರೆ ಗಲಗಲ. ಒತ್ತಿಕೊಂಡಿರುವ ಎರಡು ವಸ್ತುಗಳು ಅಂಟುತ್ತಾ ಜಾರುತ್ತಾ ಉಜ್ಜಿದರೆ ಕಿರ್‌ಕಿರ್. ಬಿಸಿಲಿಗೆ ಪ್ಲಾಸ್ಟಿಕ್ಕು ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ, ಮುಂಜಾನೆಯ ಸದ್ದು ಮಧ್ಯಾಹ್ನ ಇಲ್ಲವಾಗಬಹುದು, ಅಥವಾ ಹೊಸದಾಗಿ ಹುಟ್ಟಬಹುದು. ವರ್ಷಗಳು ಕಳೆದಂತೆ ರಬ್ಬರು ಗಟ್ಟಿಯಾಗಿ ಬಿರಿಯುತ್ತದೆ, ಸ್ಪಂಜು ಪುಡಿಯಾಗುತ್ತದೆ, ಸ್ಕ್ರೂಗಳು ಸಡಿಲುತ್ತವೆ. ಕಡಲಗಾಳಿಯ ತುಕ್ಕು ಬೇರೆ.

ಹುಡುಕುವ ಕ್ರಮ ಹೀಗೆ. ಮೊದಲು ಡ್ಯಾಶ್‌ಬೋರ್ಡಿನ ಖಾನೆಯನ್ನು ಬರಿದು ಮಾಡಬೇಕು. ಎಷ್ಟೋ ವೇಳೆ ಅಪರಾಧಿ ಅಲ್ಲಿ ಬಿದ್ದಿರುವ ಒಂದು ನಾಣ್ಯವೋ ಬೀಗದಕೈಯೋ ಆಗಿರುತ್ತದೆ. ಸದ್ದು ನಿಲ್ಲದಿದ್ದರೆ, ನಿಂತ ಗಾಡಿಯಲ್ಲಿ ಹಿರಿಯರೊಬ್ಬರು ಎಂಜಿನ್ನಿನ ವೇಗವನ್ನು ಮೆಲ್ಲಮೆಲ್ಲನೆ ಏರಿಸಲಿ. ಇನ್ನೊಬ್ಬರು ಅಂಗೈಯಿಂದ ಡ್ಯಾಶ್‌ಬೋರ್ಡನ್ನು ಅಂಗುಲ ಅಂಗುಲವಾಗಿ ಒತ್ತುತ್ತಾ ಹೋಗಲಿ. ಒತ್ತಿದೊಡನೆ ಸದ್ದು ಎಲ್ಲಿ ಅಡಗುವುದೋ ಅದರ ಸಮೀಪವೇ ದೋಷವಿದೆ. ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಸಂದುಗಳ ಬಳಿ ಆಡಿಸಿದರೆ, ವೈದ್ಯರ ಸ್ಟೆತೊಸ್ಕೋಪಿನಂತೆ ಅದು ಸ್ಥಳವನ್ನು ತೋರಿಸುತ್ತದೆ.

ಇನ್ನು ಚಿಕಿತ್ಸೆ. ಎಂಜಿನ್ನನ್ನು ನಿಲ್ಲಿಸಿ ಬ್ಯಾಟರಿಯ ಋಣ ತಂತಿಯನ್ನು ಕಳಚದೆ ಡ್ಯಾಶ್‌ಬೋರ್ಡಿನ ಹಿಂದೆ ಕೈಯಿಡಬಾರದು. ಸಡಿಲು ಸ್ಕ್ರೂಗಳನ್ನು ಸ್ಪ್ರಿಂಗ್ ವಾಷರು ಹಾಕಿ ಬಿಗಿಯಬೇಕು. ಪ್ಲಾಸ್ಟಿಕ್ಕಿನಲ್ಲಿ ಮಾತ್ರ ಮಿತವಾಗಿ ಬಿಗಿಯಬೇಕು, ಇಲ್ಲವಾದರೆ ಸೀಳುತ್ತದೆ. ಖಾನೆಯ ಮುಚ್ಚಳ ಕುಣಿಯುತ್ತಿದ್ದರೆ ಅಂಚಿಗೆ ತೆಳುವಾದ ರಬ್ಬರಿನ ತುಂಡನ್ನು ಅಂಟಿಸಬಹುದು. ಸೈಕಲ್ ಟ್ಯೂಬಿನ ಚೂರೂ ಆದೀತು. ಉಜ್ಜುವ ಅಂಚುಗಳ ನಡುವೆ ಫೆಲ್ಟ್ ಪಟ್ಟಿಯನ್ನಿಡಬೇಕು. ತಗಡಿಗೆ ಬಡಿಯುವ ತಂತಿಗಳನ್ನು ಬಟ್ಟೆಯ ಟೇಪಿನಿಂದ ಸುತ್ತಿ ಕಟ್ಟಬೇಕು. ರಬ್ಬರಿಗೆ ಎಂಜಿನ್ ಎಣ್ಣೆ ಸವರುವುದು ತಪ್ಪು. ಅದರಿಂದ ರಬ್ಬರು ಉಬ್ಬಿ ಕೆಡುತ್ತದೆ. ಸಂದುಗಳಲ್ಲಿ ಕಾಗದ ತುರುಕುವುದು ಇನ್ನೂ ಕೇಡು, ಏಕೆಂದರೆ ತಂತಿಯ ಬಳಿಯ ಕಾಗದಕ್ಕೆ ಒಂದು ಕಿಡಿ ಸಾಕು. ಗಾಳಿಚೀಲವುಳ್ಳ ಈಚಿನ ಗಾಡಿಗಳ ಡ್ಯಾಶ್‌ಬೋರ್ಡನ್ನು ತಿಳಿದ ಮೆಕ್ಯಾನಿಕ್ಕಿಗೇ ಬಿಡತಕ್ಕದ್ದು.

ಇಷ್ಟೆಲ್ಲ ಶ್ರಮವೇಕೆ, ರೇಡಿಯೊವನ್ನು ಜೋರಾಗಿ ಹಚ್ಚಿದರೆ ಸದ್ದು ಕೇಳಿಸುವುದಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಸದ್ದು ಕೇಳಿಸದಿದ್ದರೇನು, ದೋಷ ಇದ್ದೇ ಇರುತ್ತದೆ. ತಗಡಿಗೆ ಉಜ್ಜುವ ತಂತಿಯ ಹೊದಿಕೆ ಸವೆದರೆ ಬೆಂಕಿ ಹೊತ್ತೀತು. ಸ್ಟೀರಿಂಗಿನ ಕಂಬವನ್ನು ಡ್ಯಾಶ್‌ಬೋರ್ಡಿನ ಕೆಳಗೆ ಹಿಡಿದಿರುವ ಬೋಲ್ಟು ಸಡಿಲಾದಾಗಲೂ ಹೊರಡುವುದು ಇದೇ ಗಲಗಲ ಸದ್ದೇ. ಅದು ಕಿವಿಯ ಕಿರುಕುಳವಲ್ಲ, ಪ್ರಾಣದ ಪ್ರಶ್ನೆ. ಅಂತಹ ಬೋಲ್ಟನ್ನು ಮೆಕ್ಯಾನಿಕ್ಕಿಗೆ ತೋರಿಸುವವರೆಗೆ ಗಾಡಿಯನ್ನು ಓಡಿಸಲಾಗದು.

ಗಾಡಿ ನಡೆಸಿ ಸಂಸಾರ ಸಾಗಿಸುವ ಹಿರಿಯರು ನಿಮ್ಮಲ್ಲಿ ಕೆಲವರ ಮನೆಗಳಲ್ಲಿಯೂ ಇದ್ದಾರು. ಬಿಡುವಿನ ದಿನ ಅವರ ಬಳಿ ನಿಂತು ಸ್ಕ್ರೂಡ್ರೈವರು ಹಿಡಿಯಿರಿ, ಅವರ ಕಿವಿ ಏನನ್ನು ಕೇಳುತ್ತದೆಂದು ವಿಚಾರಿಸಿರಿ. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೈ ಮಸಿಯಾದರೆ ಪಾಠದ ಅನುರಣನವೂ ಅರ್ಥವಾದೀತು, ಮನೆಯವರ ಪಯಣವೂ ಸುರಕ್ಷಿತವಾದೀತು.