ಸಂಪರ್ಕ ಕಡಿದರೂ ನಿಲ್ಲದ ಕೆಲಸ

ದೂರದ ಗಣಕಯಂತ್ರವೊಂದಕ್ಕೆ ನಿಮ್ಮ ಕೋಣೆಯಿಂದಲೇ ಕೆಲಸ ಹೇಳಿ ಅದು ಮುಗಿಯುವವರೆಗೆ ಕಾಯುವ ಪ್ರಸಂಗ ನಿಮ್ಮಲ್ಲಿ ಕೆಲವರಿಗೆ ಈಗಾಗಲೇ ಬಂದಿರಬಹುದು. ಎಂಜಿನಿಯರಿಂಗ್ ಅಥವಾ ಬಿ.ಸಿ.ಎ. ಸೇರುವವರಿಗಂತೂ ಬಂದೇ ಬರುತ್ತದೆ. ಕೆಲಸ ನಾಲ್ಕು ತಾಸಿನದು ಎಂದಿಟ್ಟುಕೊಳ್ಳಿ. ಮೂರೂವರೆ ತಾಸು ಕಳೆದ ಮೇಲೆ ಕರೆಂಟು ಹೋಗಿ ಹಾಸ್ಟೆಲ್ಲಿನ ರೌಟರ್ ಆರಿಹೋಗುತ್ತದೆ. ಮತ್ತೆ ಸಂಪರ್ಕ ಪಡೆದು ನೋಡಿದರೆ ದೂರದ ಯಂತ್ರ ಸುಸ್ಥಿತಿಯಲ್ಲಿಯೇ ಇದೆ. ನಿಮ್ಮ ಕೆಲಸ ಮಾತ್ರ ಸತ್ತಿದೆ. ಕರೆಂಟು ಹೋದದ್ದು ನಿಮ್ಮ ಊರಿನಲ್ಲಿ, ಕೆಲಸ ನಡೆಯುತ್ತಿದ್ದುದು ಬೇರೆಲ್ಲೋ. ಹಾಗಿದ್ದೂ ಅದು ನಿಂತದ್ದೇಕೆ? ತೆರೆಯ ಮೇಲೆ ಎರಡು ನಿಮಿಷದಲ್ಲಿ ಮುಗಿಸಬೇಕಾಗುವ ಈ ಪ್ರಶ್ನೆಯನ್ನು ಇಲ್ಲಿ ಸಾವಕಾಶವಾಗಿ ನೋಡೋಣ.

ಮೊದಲು, ನಾಲ್ಕು ತಾಸು ಹಿಡಿಯುವ ಕೆಲಸವಾದರೂ ಯಾವುದು? ದೊಡ್ಡ ತಂತ್ರಾಂಶವನ್ನು ಮೂಲ ಕಡತಗಳಿಂದ ಕಟ್ಟುವುದು ಅಂಥ ಒಂದು ಕೆಲಸ. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಸಾವಿರಾರು ಕಡತಗಳನ್ನು ಒಂದೊಂದಾಗಿ ಯಂತ್ರಭಾಷೆಗೆ ಪರಿವರ್ತಿಸಿ, ಕೊನೆಗೆ ಎಲ್ಲವನ್ನೂ ಜೋಡಿಸಬೇಕು. ಜಿಸಿಸಿ ಎಂಬ ಕಂಪೈಲರನ್ನೇ ತೆಗೆದುಕೊಳ್ಳಿ. ಕಂಪೈಲರ್ ಕೂಡ ಒಂದು ಪ್ರೋಗ್ರಾಂ ತಾನೆ? ಅದನ್ನು ಕಟ್ಟಲು ಇನ್ನೊಂದು ಕಂಪೈಲರ್ ಬೇಕು. ಆದ್ದರಿಂದ ಯಂತ್ರದಲ್ಲಿ ಮೊದಲೇ ಇರುವ ಹಳೆಯ ಕಂಪೈಲರಿನಿಂದ ಹೊಸ ಜಿಸಿಸಿಯನ್ನು ಒಮ್ಮೆ ಕಟ್ಟುತ್ತಾರೆ. ಹೀಗೆ ಹುಟ್ಟಿದ ಜಿಸಿಸಿ ತನ್ನನ್ನು ತಾನೇ ಎರಡನೆಯ ಬಾರಿ ಕಟ್ಟಿಕೊಳ್ಳುತ್ತದೆ. ಎರಡನೆಯದು ಮೂರನೆಯದನ್ನು ಕಟ್ಟುತ್ತದೆ. ಎರಡನೆಯ ಹಾಗೂ ಮೂರನೆಯ ಹಂತದ ಫಲಿತಗಳನ್ನು ಹೋಲಿಸಿ, ಅವು ಒಂದೇ ಆಗಿದ್ದರೆ ಮಾತ್ರ ಕೆಲಸ ಸರಿಯಾಗಿದೆ ಎಂದು ಒಪ್ಪುತ್ತಾರೆ. ಒಂದೇ ಮನೆಯನ್ನು ಮೂರು ಸಲ ಕಟ್ಟಿ ಅಳತೆ ಹಿಡಿದಂತೆ! ಸಾಧಾರಣ ಯಂತ್ರದಲ್ಲಿ ಇದಕ್ಕೆ ಗಂಟೆಗಳೇ ಬೇಕು. ಇಂಥ ಕೆಲಸವನ್ನು ನಿಮ್ಮ ಪುಟ್ಟ ಲ್ಯಾಪ್‌ಟಾಪಿನ ಮೇಲೆ ಹೇರುವ ಬದಲು ಕಾಲೇಜಿನ ಅಥವಾ ಬೇರೆಡೆಯ ದೊಡ್ಡ ಸರ್ವರಿನಲ್ಲಿ ನಡೆಸುವುದು ಸಹಜ.

ಈಗ ಸಂಪರ್ಕದ ವಿಷಯ. ಇದರ ಬೇರು 1970ರ ದಶಕದ ಅಮೆರಿಕದಲ್ಲಿದೆ. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರು 1969ರಲ್ಲಿ ಆರಂಭಿಸಿದ ಯುನಿಕ್ಸ್ ವ್ಯವಸ್ಥೆಯನ್ನು ಹಲವರು ಏಕಕಾಲಕ್ಕೆ ಬಳಸುತ್ತಿದ್ದರು. ಅವರ ಮುಂದೆ ಇದ್ದದ್ದು ಪರದೆಯಲ್ಲ, ಕಾಗದದ ಮೇಲೆ ಸೆಕೆಂಡಿಗೆ ಹತ್ತು ಅಕ್ಷರದಂತೆ ಟಕಟಕ ಮುದ್ರಿಸುವ ಟೆಲಿಟೈಪ್ ಯಂತ್ರ. ದೂರದಲ್ಲಿದ್ದವರು ಮೋಡೆಮ್ ಇಟ್ಟುಕೊಂಡು ಟೆಲಿಫೋನ್ ತಂತಿಯ ಮೂಲಕ ಯುನಿಕ್ಸ್ ಯಂತ್ರಕ್ಕೆ ಕರೆ ಮಾಡುತ್ತಿದ್ದರು. ಕರೆ ನಡುವೆಯೇ ಕಡಿದುಹೋದರೆ? ಆತ ಆರಂಭಿಸಿದ ಪ್ರೋಗ್ರಾಂ ಯಾರಿಗೂ ಬೇಡದೆ ಓಡುತ್ತಿರುತ್ತದೆ. ಅದಕ್ಕಿಂತ ಅಪಾಯವೆಂದರೆ, ಅದೇ ತಂತಿಗೆ ಮುಂದೆ ಕರೆ ಮಾಡಿದವನು ಹಿಂದಿನವನ ಹೆಸರಿನಲ್ಲೇ ಒಳಗೆ ಕುಳಿತುಬಿಡಬಹುದು. ಆದ್ದರಿಂದ ಯುನಿಕ್ಸ್ ಒಂದು ನಿಯಮ ಮಾಡಿಕೊಂಡಿತು: ಫೋನ್ ಇಟ್ಟರೆ ಮನುಷ್ಯ ಹೋದ ಎಂದರ್ಥ, ಅವನ ಕೆಲಸಗಳಿಗೆ ಆ ಸುದ್ದಿ ಮುಟ್ಟಿಸಬೇಕು. ಆ ಸುದ್ದಿಯ ಹೆಸರೇ ಹ್ಯಾಂಗಪ್ ಸಂಕೇತ. ಯುನಿಕ್ಸ್ ಸಂಕೇತಗಳ ಪಟ್ಟಿಯಲ್ಲಿ ಅದರ ಸಂಖ್ಯೆ 1. ಬೇರೇನೂ ಹೇಳಿರದಿದ್ದರೆ ಈ ಸಂಕೇತ ಬಂದ ಪ್ರೋಗ್ರಾಂ ಸಾಯುತ್ತದೆ.

ಟೆಲಿಟೈಪ್ ಹೋಯಿತು, ಫೋನ್ ಮೋಡೆಮ್ ಹೋಯಿತು, ನಿಯಮ ಮಾತ್ರ ಉಳಿದಿದೆ. ಇಂದಿನ ಲಿನಕ್ಸಿನಲ್ಲೂ ಟರ್ಮಿನಲ್ಲಿಗೆ ‘ಟಿಟಿವೈ’ ಎಂಬ ಹೆಸರಿರುವುದು ಟೆಲಿಟೈಪಿನ ನೆನಪಾಗಿಯೇ.

ಇಂದು ನಾವು ದೂರದ ಯಂತ್ರವನ್ನು ತಲುಪುವುದು ಎಸ್‌ಎಸ್‌ಎಚ್ ಮೂಲಕ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದರು. ಆಗ ಅಲ್ಲಿಯೇ ಇದ್ದ ತಾತು ಯುಲೋನೆನ್ ಅವರು, ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಈ ವಿಧಾನವನ್ನು ರೂಪಿಸಿದರು. ನೀವು ಎಸ್‌ಎಸ್‌ಎಚ್‌ನಿಂದ ಒಳಹೊಕ್ಕಾಗ ಸರ್ವರಿನಲ್ಲಿ ನಿಮಗಾಗಿ ಒಂದು ನಕಲಿ ಟೆಲಿಟೈಪ್ ಸೃಷ್ಟಿಯಾಗುತ್ತದೆ. ಅದರ ಮುಂದೆ ನಿಮ್ಮ ಆಜ್ಞೆಗಳನ್ನು ಕೇಳಿಸಿಕೊಳ್ಳುವ ಶೆಲ್ ಕೂರುತ್ತದೆ. ನೀವು ಬಿಲ್ಡ್ ಆರಂಭಿಸಿದಾಗ ಅದು ಆ ಶೆಲ್ಲಿನ ಮಗುವಾಗಿ ಹುಟ್ಟುತ್ತದೆ. ನಿಮ್ಮ ಸಂಪರ್ಕ ಕಡಿದಾಗ ಸರ್ವರಿಗೆ ತಕ್ಷಣ ತಿಳಿಯುವುದಿಲ್ಲ. ಉತ್ತರ ಬಾರದ ಮಾತನ್ನು ಮತ್ತೆ ಮತ್ತೆ ಕಳುಹಿಸಿ, ಲಿನಕ್ಸಿನಲ್ಲಿ ಸಾಮಾನ್ಯವಾಗಿ ಕಾಲು ಗಂಟೆಯ ಬಳಿಕ ಅದು ಆಸೆ ಬಿಡುತ್ತದೆ. ಆಗ ನಕಲಿ ಟೆಲಿಟೈಪ್ ಮುಚ್ಚುತ್ತದೆ, ಶೆಲ್ಲಿಗೆ ಹ್ಯಾಂಗಪ್ ಸಂಕೇತ ಬರುತ್ತದೆ, ಶೆಲ್ ಸಾಯುವ ಮುನ್ನ ಅದನ್ನು ತನ್ನ ಮಕ್ಕಳಿಗೆಲ್ಲ ಹಂಚುತ್ತದೆ. ನಿಮ್ಮ ಬಿಲ್ಡ್ ಸತ್ತದ್ದು ಹೀಗೆ. ಯಂತ್ರ ಕೆಟ್ಟದ್ದಲ್ಲ, ಐವತ್ತು ವರ್ಷದ ಹಿಂದಿನ ನಿಯಮವೊಂದು ತನ್ನ ಕರ್ತವ್ಯ ಮಾಡಿತು, ಅಷ್ಟೆ.

ಆಜ್ಞೆಯ ಕೊನೆಗೆ & ಚಿಹ್ನೆ ಹಾಕಿದರೆ ಕೆಲಸ ಹಿನ್ನೆಲೆಗೆ ಹೋಗುತ್ತದೆಯಲ್ಲ, ಅಷ್ಟು ಸಾಲದೇ ಎಂದು ನೀವು ಕೇಳಬಹುದು. ಸಾಲದು. ಇಲ್ಲಿ ಅನೇಕರನ್ನು ತಬ್ಬಿಬ್ಬು ಮಾಡುವ ಒಂದು ಸೂಕ್ಷ್ಮವಿದೆ. ಹಿನ್ನೆಲೆಗೆ ಹೋಗುವುದೆಂದರೆ ಶೆಲ್ ನಿಮ್ಮ ಮುಂದಿನ ಆಜ್ಞೆಗೆ ಬಿಡುವಾಗುತ್ತದೆ ಎಂದು ಮಾತ್ರ; ತಾಯಿ-ಮಗುವಿನ ಸಂಬಂಧ ಕಡಿಯುವುದಿಲ್ಲ. ಲಿನಕ್ಸಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಬ್ಯಾಶ್ ಶೆಲ್, ನೀವಾಗಿಯೇ ‘ಎಕ್ಸಿಟ್’ ಎಂದು ಹೇಳಿ ಹೊರಟರೆ ಹಿನ್ನೆಲೆಯ ಕೆಲಸಗಳನ್ನು ಅವುಗಳ ಪಾಡಿಗೆ ಬಿಡುತ್ತದೆ. ಆದರೆ ಸಂಪರ್ಕ ತಾನಾಗಿ ಕಡಿದು ಹ್ಯಾಂಗಪ್ ಬಂದರೆ ಅವುಗಳಿಗೂ ಅದನ್ನು ದಾಟಿಸುತ್ತದೆ. ಆದ್ದರಿಂದಲೇ ನಿನ್ನೆ ಉಳಿದ ಕೆಲಸ ಇಂದು ಸಾಯುವುದು. ‘ನನಗೆ & ಸಾಕಾಗಿತ್ತು’ ಎನ್ನುವ ಸಹಪಾಠಿ ಸುಳ್ಳು ಹೇಳುತ್ತಿಲ್ಲ, ಅವನ ಕರೆಂಟು ಹೋಗಿರಲಿಲ್ಲ!

ಪರಿಹಾರವೂ ಹಳೆಯದೇ. ‘ನೋಹಪ್’ ಎಂಬ ಸಣ್ಣ ಪ್ರೋಗ್ರಾಂ ಇದೆ. ಹೆಸರು ‘ನೋ ಹ್ಯಾಂಗಪ್’ ಎಂಬುದರ ಸಂಕ್ಷೇಪ. ಯುನಿಕ್ಸಿನಲ್ಲಿ ಒಂದು ಪ್ರೋಗ್ರಾಂ ಯಾವುದಾದರೂ ಸಂಕೇತಕ್ಕೆ ಕಿವಿ ಮುಚ್ಚಿಕೊಂಡು, ಆಮೇಲೆ ತನ್ನ ಜಾಗವನ್ನು ಇನ್ನೊಂದು ಪ್ರೋಗ್ರಾಮಿಗೆ ಬಿಟ್ಟುಕೊಟ್ಟರೆ, ಆ ಕಿವುಡುತನವೂ ಜೊತೆಗೇ ಹೋಗುತ್ತದೆ. ನೋಹಪ್ ಮಾಡುವುದು ಇಷ್ಟೇ: ಹ್ಯಾಂಗಪ್ಪಿಗೆ ಕಿವಿ ಮುಚ್ಚಿಕೊಂಡು ನಿಮ್ಮ ಬಿಲ್ಡ್ ಆಗಿ ಮಾರ್ಪಡುತ್ತದೆ. ಆಜ್ಞೆಯ ರೂಪ ಹೀಗಿರುತ್ತದೆ (ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು):

ನೋಹಪ್ ಮೇಕ್ > ಬಿಲ್ಡ್.ಲಾಗ್ 2>&1 &

ನಡುವಿನ ಚಿಹ್ನೆಗಳನ್ನು ಕಂಡು ಹೆದರಬೇಡಿ. > ಎಂಬುದು ಪ್ರೋಗ್ರಾಮಿನ ಮಾತುಗಳನ್ನು ಟರ್ಮಿನಲ್ಲಿನ ಬದಲು ಒಂದು ಕಡತಕ್ಕೆ ಹರಿಸುತ್ತದೆ. 2>&1 ಎಂಬುದು ತಪ್ಪುಗಳ ವರದಿಯನ್ನೂ ಅದೇ ಕಡತಕ್ಕೆ ಸೇರಿಸುತ್ತದೆ. ಇದು ಅನುಕೂಲಕ್ಕಾಗಿ ಮಾತ್ರವಲ್ಲ. ಟರ್ಮಿನಲ್ ಮಾಯವಾದ ಮೇಲೆ ಪ್ರೋಗ್ರಾಂ ಅದರ ಮೇಲೆ ಬರೆಯಹೋದರೆ ಬರಹ ವಿಫಲವಾಗಿ, ಹ್ಯಾಂಗಪ್ಪಿನಿಂದ ಬದುಕಿದ ಬಿಲ್ಡ್ ಈ ಕಾರಣಕ್ಕೆ ಸಾಯಬಹುದು. ನೀವು ಕಡತ ಹೇಳದಿದ್ದರೆ ನೋಹಪ್ ತಾನೇ ‘ನೋಹಪ್.ಔಟ್’ ಎಂಬ ಕಡತಕ್ಕೆ ಬರೆಯುತ್ತದೆ.

ನೋಹಪ್ ಹೇಳಲು ಮರೆತು ಕೆಲಸ ಆರಂಭಿಸಿಬಿಟ್ಟಿದ್ದರೆ ಕಂಟ್ರೋಲ್ ಮತ್ತು ಜೆಡ್ ಒತ್ತಿ ಅದನ್ನು ತಡೆದು, ‘ಬಿಜಿ’ ಎಂದು ಹಿನ್ನೆಲೆಗೆ ಕಳಿಸಿ, ‘ಡಿಸ್‌ಓನ್’ ಎಂದರೆ ಬ್ಯಾಶ್ ಆ ಮಗುವನ್ನು ತನ್ನ ಪಟ್ಟಿಯಿಂದ ತೆಗೆದುಹಾಕುತ್ತದೆ. ಮಾತು ಮಾತ್ರ ಹಳೆಯ ಟರ್ಮಿನಲ್ಲಿಗೇ ಹೋಗುತ್ತಿರುವುದರಿಂದ ಇದನ್ನು ಪೂರ್ತಿ ನಂಬಲಾಗದು.

ನೋಹಪ್ಪಿಗೆ ಒಂದು ಕೊರತೆಯಿದೆ. ಅದು ಅಂಚೆ ಡಬ್ಬಿಗೆ ಹಾಕಿದ ಕಾಗದದಂತೆ, ಮತ್ತೆ ಕೈಗೆ ಸಿಗುವುದಿಲ್ಲ. ಬಿಲ್ಡ್ ನಡುವೆ ಏನಾದರೂ ಪ್ರಶ್ನೆ ಕೇಳಿದರೆ ಉತ್ತರಿಸಲು ದಾರಿಯಿಲ್ಲ. ಇದಕ್ಕೆ ಉತ್ತರ ‘ಸ್ಕ್ರೀನ್’ ಎಂಬ ತಂತ್ರಾಂಶ. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ಆಲಿವರ್ ಲೌಮನ್ ಅವರು ಇದನ್ನು 1987ರಲ್ಲಿ ಹೊರತಂದರು. ಅದೇ ಜಾತಿಯ ‘ಟೀಮಕ್ಸ್’ 2007ರಲ್ಲಿ ಬಂತು. ಇವು ಮಾಡುವುದು ಜಾಣತನದ ಕೆಲಸ. ನಿಮ್ಮ ಶೆಲ್ಲಿಗೂ ಎಸ್‌ಎಸ್‌ಎಚ್‌ಗೂ ನಡುವೆ ತಾವೇ ಕುಳಿತು, ಇನ್ನೊಂದು ನಕಲಿ ಟೆಲಿಟೈಪನ್ನು ತಮ್ಮ ಕೈಯಲ್ಲಿ ಹಿಡಿದುಕೊಳ್ಳುತ್ತವೆ. ನೀವು ನೋಡುತ್ತಿರುವುದು ಅದರತ್ತ ತೆರೆದ ಒಂದು ಕಿಟಕಿ ಮಾತ್ರ. ಸಂಪರ್ಕ ಕಡಿದರೆ ಕಿಟಕಿ ಮುಚ್ಚುತ್ತದೆ, ಒಳಗಿನ ಕೋಣೆಯಲ್ಲಿ ಕೆಲಸ ನಡೆದೇ ಇರುತ್ತದೆ. ಬೆಳಿಗ್ಗೆ ಕಾಲೇಜಿನಿಂದ, ಸಂಜೆ ಮನೆಯಿಂದ, ಯಾವ ಯಂತ್ರದಿಂದ ಬಂದರೂ ಅದೇ ಕೋಣೆಯ ಕಿಟಕಿ ತೆರೆಯಬಹುದು. ಗಂಟೆಗಟ್ಟಲೆಯ ಕೆಲಸಕ್ಕೆ ನಾನು ಟೀಮಕ್ಸನ್ನೇ ಶಿಫಾರಸು ಮಾಡುತ್ತೇನೆ. ಅದರ ಒಳಗೂ ಮಾತುಗಳನ್ನು ಕಡತಕ್ಕೆ ಹರಿಸುವುದನ್ನು ಬಿಡಬೇಡಿ.

ಇಷ್ಟೆಲ್ಲ ಮಾಡಿಯೂ ಕೆಲಸ ಸಾಯುವ ಸರ್ವರುಗಳಿವೆ. ಲಿನಕ್ಸಿನ ಒಳಾಡಳಿತ ನೋಡಿಕೊಳ್ಳುವ ‘ಸಿಸ್ಟಮ್‌ಡಿ’ ತಂತ್ರಾಂಶದ 230ನೆಯ ಆವೃತ್ತಿ 2016ರಲ್ಲಿ ಬಂದಾಗ, ಬಳಕೆದಾರ ಹೊರಟೊಡನೆ ಅವನ ಎಲ್ಲ ಕೆಲಸಗಳನ್ನೂ ಕೊಲ್ಲುವುದನ್ನು ಸಹಜ ನಡವಳಿಕೆಯಾಗಿ ಮಾಡಿತ್ತು. ನೋಹಪ್ಪೂ ಸ್ಕ್ರೀನೂ ಅದರ ಮುಂದೆ ನಿಲ್ಲಲಿಲ್ಲ. ದೊಡ್ಡ ಗದ್ದಲವಾಗಿ, ಡೆಬಿಯನ್ ತನ್ನ ವಿತರಣೆಯಲ್ಲಿ ಅದನ್ನು ತೆಗೆದಿತು. ನಿಮ್ಮ ಸರ್ವರಿನಲ್ಲಿ ಅದು ಜಾರಿಯಲ್ಲಿದ್ದರೆ, ‘ಲಿಂಗರ್’ ಎಂಬ ಅನುಮತಿಯ ಬಗ್ಗೆ ಅದರ ವ್ಯವಸ್ಥಾಪಕರನ್ನು ಕೇಳಿ.

ಸರ್ವರ್ ನಿಮ್ಮೊಬ್ಬರದಲ್ಲ ಎಂಬುದೂ ನೆನಪಿರಲಿ. ‘ಮೇಕ್’ಗೆ ಹಲವು ಕಡತಗಳನ್ನು ಒಟ್ಟಿಗೇ ಕಟ್ಟಲು ಹೇಳಬಹುದು, ಸಂಖ್ಯೆ ಮಿತಿ ಮೀರಿದರೆ ನೆನಪುಕೋಶ ತುಂಬಿ, ಲಿನಕ್ಸ್ ತಾನೇ ಯಾವುದಾದರೊಂದು ಪ್ರೋಗ್ರಾಮನ್ನು ಬಲಿ ಕೊಡುತ್ತದೆ. ಅದು ನಿಮ್ಮದೇ ಆಗಿರಬೇಕೆಂದಿಲ್ಲ, ಪಕ್ಕದವರ ಪ್ರಾಜೆಕ್ಟ್ ಆಗಿರಬಹುದು. ‘ನೈಸ್’ ಎಂಬ ಆಜ್ಞೆಯೊಡನೆ 19 ಎಂದು ಕೊಟ್ಟರೆ ನಿಮ್ಮ ಬಿಲ್ಡ್ ಪ್ರೊಸೆಸರಿನ ಸರದಿಯಲ್ಲಿ ಎಲ್ಲರ ಹಿಂದೆ ನಿಲ್ಲುತ್ತದೆ. ರಾತ್ರಿ ಬೇರೆ ಯಾರೂ ಇಲ್ಲದಾಗ ಪೂರ್ತಿ ವೇಗದಲ್ಲೇ ಓಡುತ್ತದೆ.

ಬೆಳಿಗ್ಗೆ ಲಾಗ್ ಕಡತ ತೆರೆದಾಗ ಕೊನೆಯ ಸಾಲು ನೋಡಿ ತೀರ್ಮಾನಿಸಬೇಡಿ. ಹಲವು ಕಡತಗಳು ಒಟ್ಟಿಗೆ ಕಟ್ಟುತ್ತಿರುವಾಗ ಒಂದು ಸೋತರೂ ಉಳಿದವು ಸ್ವಲ್ಪ ಹೊತ್ತು ಮಾತಾಡುತ್ತಲೇ ಇರುತ್ತವೆ. ನಿಜವಾದ ಕಾರಣ ಮೇಲೆಲ್ಲೋ, ‘ಎರರ್’ ಎಂಬ ಪದ ಮೊದಲ ಬಾರಿ ಬಂದಲ್ಲಿ ಇರುತ್ತದೆ. ಕೆಲಸ ಸತ್ತಿದ್ದರೂ ಎಲ್ಲವೂ ಹೋಗಿಲ್ಲ. ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ ರಚಿಸಿದ ಮೇಕ್, ಪ್ರತಿ ಕಡತದ ವೇಳೆಯನ್ನು ನೋಡಿ, ಆಗಲೇ ಕಟ್ಟಿದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕಟ್ಟುತ್ತದೆ. ಅದೇ ಆಜ್ಞೆಯನ್ನು ಮತ್ತೊಮ್ಮೆ ಕೊಟ್ಟರೆ ಸಾಕು.

ನಾಲ್ಕು ತಾಸಿನ ಬಿಲ್ಡ್ ಇಲ್ಲದೆಯೂ ಇದನ್ನೆಲ್ಲ ಪರೀಕ್ಷಿಸಬಹುದು. ‘ಸ್ಲೀಪ್ 600’ ಎಂದರೆ ಹತ್ತು ನಿಮಿಷ ಸುಮ್ಮನೆ ಮಲಗುವ ಪ್ರೋಗ್ರಾಂ. ಅದನ್ನು ಒಮ್ಮೆ & ಹಾಕಿ, ಒಮ್ಮೆ ನೋಹಪ್ ಮತ್ತು & ಎರಡನ್ನೂ ಸೇರಿಸಿ, ಒಮ್ಮೆ ಟೀಮಕ್ಸಿನ ಒಳಗೆ ಆರಂಭಿಸಿ. ಗುರುತು ಸಿಗುವಂತೆ 601, 602, 603 ಎಂದು ಬೇರೆ ಬೇರೆ ಸಂಖ್ಯೆ ಕೊಡಿ. ನಂತರ ಎಕ್ಸಿಟ್ ಹೇಳದೆ ಕಿಟಕಿಯನ್ನೇ ಮುಚ್ಚಿ, ಮತ್ತೆ ಒಳಹೊಕ್ಕು ‘ಪಿಎಸ್ ಎಕ್ಸ್’ ಆಜ್ಞೆಯಿಂದ ನೋಡಿ. ಬ್ಯಾಶ್ ಇರುವ ಸರ್ವರಿನಲ್ಲಿ 601 ಕಾಣುವುದಿಲ್ಲ, ಉಳಿದೆರಡು ಕಾಣುತ್ತವೆ. ಆಮೇಲೆ 601ನ್ನು ಮತ್ತೆ ಆರಂಭಿಸಿ, ಈ ಸಲ ಎಕ್ಸಿಟ್ ಹೇಳಿಯೇ ಹೊರಬಂದು, ಹತ್ತು ನಿಮಿಷದೊಳಗೆ ಒಳಹೋಗಿ ನೋಡಿ.